ಹನ್ನೊಂದು ಗಂಟೆಯ ಸುಳ್ಳು ಕಾಳು

ಆ ಹಂಗಾಮಿನ ಐದನೆಯ ದಿನ ನಾನು ಪಾಳಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಒಂದು ಸಾಲು ಬರೆದೆ. ಅಕ್ಷರ ದುಂಡಗಿದ್ದವು, ವಾಕ್ಯ ಶುದ್ಧವಾಗಿತ್ತು, ಕೆಳಗೆ ಸಹಿಯೂ ಇತ್ತು. ಮರುದಿನದಿಂದ ಪ್ಯಾನ್ ಮಹಡಿಯ ಮೇಲೆ ನನ್ನ ಜೊತೆ ಯಾರೂ ಮಾತಾಡಲಿಲ್ಲ.

ಕಾರ್ಖಾನೆ ಮುಧೋಳ ತಾಲ್ಲೂಕಿನದು. ಯಾವುದೆಂದು ಹೇಳುವ ಅಗತ್ಯವಿಲ್ಲ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಹೊರಟವನಿಗೆ ಯಾವ ದಿಕ್ಕಿಗೆ ಹೋದರೂ ಒಂದು ಚಿಮಣಿ ಸಿಗುತ್ತದೆ. ಅಲ್ಲಿಯವರೆಗೆ ನಾನು ಕೆಳಗೆ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳ ನಡುವೆ ಇದ್ದವನು. ಆ ವರ್ಷ ಒಂದು ಪಾಳಿಯ ಹೊಣೆ ಕೊಟ್ಟು ಮೇಲೆ ಪ್ಯಾನಿಗೆ ಕಳಿಸಿದರು.

ಪ್ಯಾನ್ ಎಂದರೆ ಒಗ್ಗರಣೆ ಹಾಕುವ ವಸ್ತುವಲ್ಲ. ಮನೆಯೊಂದನ್ನು ಒಳಗೆ ಇಳಿಸಬಹುದಾದಷ್ಟು ದೊಡ್ಡ, ಮುಚ್ಚಿದ ಉಕ್ಕಿನ ಹಂಡೆ. ಒಳಗಿನ ಗಾಳಿಯನ್ನು ಎಳೆದು ತೆಗೆದಿರುತ್ತಾರೆ; ಹಾಗಾಗಿ ಕಬ್ಬಿನ ಪಾಕ ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಪಾಕ ಹದಕ್ಕೆ ಬಂದಾಗ ಅದಕ್ಕೆ ಸಕ್ಕರೆಯ ನುಣ್ಣನೆ ಪುಡಿಯನ್ನು ಬೀಜವಾಗಿ ಬಿಡಬೇಕು. ಆಮೇಲೆ ಮೂರು ನಾಲ್ಕು ತಾಸು, ಆ ಬೀಜಗಳಷ್ಟೇ ಬೆಳೆಯುವಂತೆ, ಹೊಸ ಕಾಳು ಒಂದೂ ಹುಟ್ಟದಂತೆ, ಸಣ್ಣಗೆ ಪಾಕ ಉಣಿಸುತ್ತ ಕಾಯಬೇಕು. ಒಳಗಿನ ಶಾಖ ಸ್ವಲ್ಪ ಸರಕ್ಕನೆ ಇಳಿದರೂ ಸಾಕು, ಕರೆಯದೇ ಬಂದ ನೆಂಟರಂತೆ ಲಕ್ಷಾಂತರ ಪುಡಿ ಕಾಳು ಒಮ್ಮೆಲೇ ಹುಟ್ಟಿಬಿಡುತ್ತವೆ. ಅದಕ್ಕೆ ಸುಳ್ಳು ಕಾಳು ಎನ್ನುತ್ತಾರೆ. ಅದು ಕೆಳಗೆ ಪಾಕದಿಂದ ಸಕ್ಕರೆ ಬೇರ್ಪಡಿಸುವ ಗಿರಕಿ ಯಂತ್ರದ ಜಾಲರಿಯಲ್ಲಿ ಕೂತು ಇಡೀ ಸಕ್ಕರೆಯನ್ನು ಅಂಟು ಹಿಟ್ಟು ಮಾಡುತ್ತದೆ. ನೀರು ಕೊಟ್ಟು, ಶಾಖ ಏರಿಸಿ, ಅದನ್ನು ಮತ್ತೆ ಕರಗಿಸಬೇಕು. ಒಂದೂವರೆ ತಾಸು ಹಾಳು, ಉಗಿ ಹಾಳು, ಮನುಷ್ಯನ ಮುಖವೂ ಹಾಳು.

ಮೂರು ಪಾಳಿಗೆ ನಾವು ಮೂವರು. ನನಗಿಂತ ಮುಂಚಿನ ಪಾಳಿಯವರು ರನ್ನ ಬೆಳಗಲಿಯವರು. ಎಲ್ಲರೂ ಬೆಳಗಲಿ ಎಂದು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು, ಹಣೆಯ ತುಂಬ ಅರಿಶಿನದ ಭಂಡಾರ, ಬಾಗಿಲಿಗೆ ಉಜ್ಜಿಕೊಂಡು ಹೋಗುವಂಥ ಹೆಗಲು. ಹದಿನಾಲ್ಕು ಹಂಗಾಮು ಪ್ಯಾನ್ ನಡೆಸಿದ್ದರೂ ಅವರ ಹೆಸರು ಇನ್ನೂ ಹಂಗಾಮಿ ಪಟ್ಟಿಯಲ್ಲೇ ಇತ್ತು. ಹಿತ್ತಾಳೆ ಸಲಾಕೆಯಿಂದ ಒಂದು ಚಮಚದಷ್ಟು ಪಾಕ ಎಳೆದು, ಗಾಜಿನ ಚೂರಿಗೆ ಸವರಿ, ಬೆಳಕಿಗೆ ಹಿಡಿದು ಅವರು ಹೇಳಿದ್ದನ್ನು ನನ್ನ ಸೂಕ್ಷ್ಮದರ್ಶಕ ಅರ್ಧ ತಾಸಿನ ಮೇಲೆ ಒಪ್ಪಿಕೊಳ್ಳುತ್ತಿತ್ತು. ಚುಟುಕಾಗಿ ಹೇಳಬೇಕೆಂದರೆ ನನಗೆ ದರ್ಜೆ ಇತ್ತು, ಅವರಿಗೆ ಕೈ ಇತ್ತು.

ದರ್ಜೆ ಹೊಸದಾಗಿ ಬಂದವನಿಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ನಾಲ್ಕನೆಯ ದಿನ ನನ್ನದು ಮಧ್ಯಾಹ್ನ ಹನ್ನೆರಡರ ಪಾಳಿ. ಒಂದು ತಾಸು ಮೊದಲೇ ಬಂದು, ಕಾರ್ಖಾನೆಯನ್ನು ಪ್ರದಕ್ಷಿಣೆ ಹಾಕಿದೆ. ಹಿಂಭಾಗದಲ್ಲಿ ತಣ್ಣೀರಿನ ಹೊಂಡವಿದೆ. ಪ್ಯಾನಿನ ಹಬೆಯನ್ನು ತಣಿಸಿ ಒಳಗಿನ ಎಳೆತ ಕಾಯುವ ನೀರು ಅಲ್ಲಿಂದ ಹೋಗುತ್ತದೆ. ಅದರ ಏರಿಯ ಮೇಲೆ ಪಂಪು ನೋಡಿಕೊಳ್ಳುವ ನೌಕರ ನಿಂತು, ಎರಡೂ ಕೈಯಿಂದ ಒಂದು ಕೆಂಪು ಟವೆಲ್ಲನ್ನು ಕಾರ್ಖಾನೆಯ ಮಾಳಿಗೆಯ ಕಡೆಗೆ ಬೀಸುತ್ತಿದ್ದ. ಐವತ್ತು ದಾಟಿದ ಮನುಷ್ಯ. ಬೀಳಗಿಯ ಹಿನ್ನೀರಿನ ಕಡೆಯವನು. ಬೀಸುವಾಗ ಕಾಲೂ ತುಸು ಎತ್ತುತ್ತಿದ್ದ.

"ಏನ ನಡಿಸೀದಿ ಇದು?" ಅಂದೆ.

"ಮ್ಯಾಲಿನವರಿಗ್ರಿ ಸಾಹೇಬ್ರ..."

"ಮ್ಯಾಲಿನವರಿಗೆ ಆರತಿ ಎತ್ತೂ ಟೈಮೇನು ಇದು? ಡ್ಯೂಟಿ ಮ್ಯಾಲ ಕುಣದಾಡೂದು ನಾಳಿಂದ ನನ್ನ ಕಣ್ಣಿಗೆ ಬೀಳಬಾರದು."

ಅವನು ಒಂದು ಕ್ಷಣ ಏನೋ ಹೇಳಬೇಕೆಂದು ಬಾಯಿ ತೆರೆದ. ನಾನು ಹುಬ್ಬು ಏರಿಸಿದೆ. "ಆತ್ರಿ" ಅಂದು ಟವೆಲ್ ಹೆಗಲಿಗೆ ಹಾಕಿಕೊಂಡ. ಶಿಸ್ತು ಸ್ಥಾಪನೆಯಾಯಿತೆಂದು ನಾನು ಮುಂದೆ ನಡೆದೆ.

ಮರುದಿನ, ಅಂದರೆ ಐದನೆಯ ದಿನ, ಹನ್ನೆರಡಕ್ಕೆ ಮೆಟ್ಟಿಲು ಹತ್ತಿ ಬಂದಾಗ ಬೆಳಗಲಿಯವರು ಪ್ಯಾನಿನ ಗಾಜಿನ ಕಿಂಡಿಗೆ ಮುಖ ಹಚ್ಚಿ ನಿಂತಿದ್ದರು. ಅಂಗಿ ಮೈಗೆ ಅಂಟಿತ್ತು.

"ಪುಡಿ ಬಿದ್ದೈತ್ರಿ" ಅಂದರು. "ಯಾಕಂತ ತಿಳೀವಲ್ದು. ಒಮ್ಮಿಲೇ ಬಿತ್ತು. ನೀರ ಕೊಟ್ಟೇನಿ. ಇನ್ನೊಂದ ತಾಸು ನೀವು ಹಿಂಗಽ ಹಿಡೀರಿ, ಸುದ್ದ ಆಕ್ಕೈತಿ."

ನಾನು ಹಿಡಿದೆ. ಶುದ್ಧವೂ ಆಯಿತು. ಆಮೇಲೆ ಪಾಳಿ ಪುಸ್ತಕ ತೆಗೆದು ಬರೆದೆ: ಹಿಂದಿನ ಪಾಳಿಯಲ್ಲಿ ಒಂದನೇ ಪ್ಯಾನಿನಲ್ಲಿ ಸುಳ್ಳು ಕಾಳು, ಕಾರಣ, ನಡೆಸುವವರ ಅಲಕ್ಷ್ಯ ಇರಬಹುದು, ಸರಿಪಡಿಸಲಾಯಿತು.

ನಾನು ಕೆಟ್ಟ ಬುದ್ಧಿಯಿಂದ ಬರೆದೆನೆಂದು ಅನೇಕರು ತಿಳಿದರು. ನನ್ನ ಪರವಾಗಿ ಒಂದೇ ಮಾತು ಹೇಳಿಕೊಳ್ಳುತ್ತೇನೆ. ನಾನು ಬನಹಟ್ಟಿಯ ನೇಕಾರರ ಮನೆಯವನು. ನಮ್ಮಲ್ಲಿ ಸೀರೆ ಮಗ್ಗದಿಂದ ಇಳಿದ ಮೇಲೆ ತಪ್ಪು ಇದ್ದಲ್ಲಿ ಅಂಚಿಗೆ ಒಂದು ಬಣ್ಣದ ಎಳೆ ಕಟ್ಟುವ ಪದ್ಧತಿ. ಅಪ್ಪ ನೇಯ್ದದ್ದಕ್ಕೆ ಕಾಕಾ ಕಟ್ಟುತ್ತಿದ್ದ, ಕಾಕಾ ನೇಯ್ದದ್ದಕ್ಕೆ ಅಪ್ಪ. ಕಟ್ಟಿಸಿಕೊಂಡವನು ಸಿಟ್ಟಾಗುತ್ತಿರಲಿಲ್ಲ. ಕಟ್ಟದೇ ಬಿಟ್ಟರೆ ಸಿಟ್ಟಾಗುತ್ತಿದ್ದ. ತಪ್ಪಿಗೆ ಗುರುತು ಹಾಕುವುದು ಸೌಜನ್ಯವೆಂದು ನಂಬಿ ಬೆಳೆದವನು ನಾನು. ಪ್ಯಾನ್ ಮಹಡಿಯ ಧರ್ಮ ಇದಕ್ಕೆ ತಲೆಕೆಳಗು. ಅಲ್ಲಿ ತಪ್ಪನ್ನು ಬಾಯಲ್ಲಿ ಹೇಳುತ್ತಾರೆ, ಬಂದವರು ಸರಿಮಾಡುತ್ತಾರೆ, ಪುಸ್ತಕದಲ್ಲಿ 'ಪ್ಯಾನ್ ಚಾಲೂ' ಎಂದು ಬರೆಯುತ್ತಾರೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬರೆದಿಡುವಂಥ ನಿಯಮವೂ ಅದಲ್ಲ.

ಸಂಜೆ ಪುಸ್ತಕ ಮುಖ್ಯ ರಸಾಯನ ತಜ್ಞರ ಮೇಜಿಗೆ ಹೋಯಿತು. ಮರುದಿನ ಬೆಳಗಲಿಯವರನ್ನು ಒಳಗೆ ಕರೆದರು. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಕೇಳುವುದು ಶಿಷ್ಟಾಚಾರಕ್ಕೆ ಸಲ್ಲದೆಂದು ಭಾವಿಸಿದೆ. ಈಗ ಎಣಿಸಿದರೆ, ಆ ಹಂಗಾಮಿನಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆಗಳೇ ಹೆಚ್ಚು.

ಪಾಳಿ ಒಪ್ಪಿಸುವಾಗ ಕಾಲು ತಾಸು ಮಾತು ನಡೆಯುವುದು ವಾಡಿಕೆ. ಇವತ್ತಿನ ಪಾಕ ತೆಳುವಾಗಿದೆ. ಸುಟ್ಟ ಕಬ್ಬು ಬಂದಿದೆ, ಕಾಳು ಬೆಳೆಯಲು ಹಟ ಮಾಡುತ್ತದೆ. ಎರಡನೇ ವಾಲ್ವ್ ಮುಚ್ಚಿದಂತೆ ಕಾಣುತ್ತದೆ, ಮುಚ್ಚಿರುವುದಿಲ್ಲ. ಈ ಮಾತೇ ಪ್ಯಾನ್ ನಡೆಸುವವನ ಅರ್ಧ ಕಣ್ಣು. ಆ ದಿನದಿಂದ ಬೆಳಗಲಿಯವರು ಹನ್ನೆರಡಕ್ಕೆ ಸರಿಯಾಗಿ ಕೈ ಒರೆಸಿಕೊಂಡು, ನನ್ನ ಭುಜದ ಆಚೆ ಯಾವುದೋ ಪೈಪಿನ ಕಡೆ ನೋಡುತ್ತ, "ಪುಸ್ತಕದಾಗ ಐತ್ರಿ" ಅಂದು ಇಳಿದುಹೋಗತೊಡಗಿದರು. ಪುಸ್ತಕದಲ್ಲಿ ಇರುತ್ತಿದ್ದುದು ಎರಡು ವಾಕ್ಯ. ಪ್ಯಾನ್ ಚಾಲೂ. ಎಲ್ಲ ಸರಿ.

ಎಲ್ಲ ಸರಿ ಇದ್ದ ದಿನವೇ ಎರಡನೇ ವಾಲ್ವಿನ ಉಗಿ ನನ್ನ ಮುಂಗೈ ಸುಟ್ಟಿತು. ಎಲ್ಲ ಸರಿ ಇದ್ದ ಇನ್ನೊಂದು ದಿನ, ಪಾಕದ ತೊಟ್ಟಿಯ ಅಳತೆಪಟ್ಟಿ ಸಿಕ್ಕಿಹಾಕಿಕೊಂಡು, ತುಂಬಿದೆಯೆಂದು ತೋರಿಸುತ್ತಿದ್ದಂತೆಯೇ ತೊಟ್ಟಿ ಬರಿದಾಯಿತು. ಬೆಳಗಲಿಯವರು ಸುಳ್ಳು ಬರೆದರೆಂದು ಹೇಳಲಾರೆ. ಅವರಿಗೆ ಅದೆಲ್ಲ ಸರಿಯೇ ಇತ್ತು. ಯಾವುದನ್ನು ನಂಬಬಾರದೆಂದು ಅವರಿಗೆ ಗೊತ್ತಿತ್ತು. ಕೈಕೆಳಗಿನವರೂ ಅಷ್ಟೇ. ಹೇಳಿದ ಕೆಲಸ ಚಾಚೂ ತಪ್ಪದೆ ಮಾಡುತ್ತಿದ್ದರು. ಹೇಳದ ಕೆಲಸವನ್ನು ಅಷ್ಟೇ ನಿಷ್ಠೆಯಿಂದ ಮಾಡದೇ ಬಿಡುತ್ತಿದ್ದರು.

ಕ್ಯಾಂಟೀನಿನಲ್ಲಿ ನಾನು ತಾಟು ಇಟ್ಟ ಮೇಜಿನವರಿಗೆ ಅದೇ ಹೊತ್ತಿಗೆ ಊಟ ಮುಗಿಯುತ್ತಿತ್ತು. ರೊಟ್ಟಿ ಅರ್ಧ ಉಳಿದಿದ್ದರೂ ಮುಗಿಯುತ್ತಿತ್ತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ, ಎದುರಾದರೆ ನಮಸ್ಕಾರವಿತ್ತು. ನಮಸ್ಕಾರ ಎಷ್ಟು ದೊಡ್ಡ ಬೇಲಿ ಆಗಬಲ್ಲದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಪಾಳಿ ಮುಗಿಸಿ ಕ್ವಾರ್ಟರ್ಸಿಗೆ ಬಂದರೆ, ಕಬ್ಬಿನ ಸಿಪ್ಪೆಯ ಕರಿ ಬೂದಿ ಕಿಟಕಿಯ ಕಟ್ಟೆ ಮೇಲೆ ಬಿದ್ದಿರುತ್ತಿತ್ತು. ಒರೆಸುತ್ತಿದ್ದೆ. ಬೂದಿಯಷ್ಟು ಕ್ರಮವಾಗಿ ನನ್ನ ಮನೆಗೆ ಬಂದವರು ಬೇರೆ ಯಾರೂ ಇಲ್ಲ.

ಮನೆಯವಳು ಬನಹಟ್ಟಿಯಲ್ಲಿ ಇದ್ದಳು. ಫೋನು ಹಚ್ಚಿದಾಗ ಹಿಂದೆ ತಮ್ಮನ ಮಗ್ಗಗಳ ಸಪ್ಪಳ. ಅದರ ಮೇಲೆ ಅವಳು ಕೂಗಿ ಮಾತಾಡುತ್ತಿದ್ದಳು.

"ಧ್ವನಿ ಯಾಕ ಹಂಗಾಗೈತಿ? ನೆಗಡಿ ಏನು?"

"ಇಲ್ಲ. ಬಳಕಿ ಇಲ್ಲ."

"ಏನ ಬಳಕಿ ಇಲ್ಲ?"

"ಧ್ವನಿ."

ಮಗ್ಗ ಮಾತ್ರ ಬಡಿಯುತ್ತಿತ್ತು. "ಯಾರ ಜೋಡಿ ಜಗಳಾಡಿದಿ?" ಅಂದಳು.

"ಜಗಳ ಆಡಿಲ್ಲ. ಬರದೆ."

"ಅದಽ ಅನ್ನು" ಅಂದಳು. ಅವಳಿಗೆ ಅಷ್ಟರಲ್ಲೇ ಎಲ್ಲ ತಿಳಿಯಿತು. ನನಗೆ ಇನ್ನೂ ಒಂದು ವಾರ ಬೇಕಾಯಿತು.

ಪಾಳಿ ತಿರುಗಿ ಬೆಳಗಿನದು ನನ್ನ ಪಾಲಿಗೆ ಬಂತು. ಸೋಮವಾರ ಎಂಟು ಗಂಟೆಗೆ ಬೀಜ ಬಿಟ್ಟೆ. ಕಾಳು ಒಂದೇ ಅಳತೆಯಲ್ಲಿ, ಹೊಳೆಯುತ್ತ ಬೆಳೆಯಿತು. ಹತ್ತೂವರೆಗೆ ಗಾಜಿನ ಚೂರು ಬೆಳಕಿಗೆ ಹಿಡಿದು, ಇದನ್ನು ಬೆಳಗಲಿಯವರು ನೋಡಿದ್ದರೆ ಎಂದುಕೊಂಡೆ. ಹನ್ನೊಂದರ ಮೇಲೆ ಹತ್ತು ನಿಮಿಷಕ್ಕೆ ಮತ್ತೆ ನೋಡಿದರೆ ದೊಡ್ಡ ಕಾಳುಗಳ ನಡುವೆ ಹಿಟ್ಟು ಚೆಲ್ಲಿದಂತೆ ಪುಡಿ. ಪಾಳಿ ಮುಗಿದ ಮೇಲೂ ನಿಂತು ಒಂದೂವರೆ ತಾಸು ತೊಳೆದೆ. ಮಂಗಳವಾರ ಪಾಕದ ಹದ ಇಳಿಸಿದೆ, ಉಣಿಸುವ ವೇಗ ಕಡಿಮೆ ಮಾಡಿದೆ, ಕಿಂಡಿ ಬಿಟ್ಟು ಕದಲಲಿಲ್ಲ. ಹನ್ನೊಂದರ ಮೇಲೆ ಹತ್ತಕ್ಕೆ ಮತ್ತೆ ಪುಡಿ. ಆ ಹೊತ್ತಿಗೆ ಸರಿಯಾಗಿ ನನ್ನ ಕೈಕೆಳಗಿನ ಇಬ್ಬರೂ ಚಹಾಕ್ಕೆ ಹೋಗಿದ್ದರು. ಸೋಮವಾರವೂ ಆಗಲೇ ಹೋಗಿದ್ದರು.

ಮಂಗಳವಾರ ಎಲ್ಲವನ್ನೂ ತೊಳೆಯಲಾಗದೆ ಸ್ವಲ್ಪ ಕೆಳಗೆ ಹೋಯಿತು. ಗಿರಕಿ ಯಂತ್ರದವನು ಕೆಳಗಿನಿಂದ ಕೂಗಿದ: "ಏ ಮ್ಯಾಲಿನವರ! ಸಕ್ರಿ ಬಿಡ್ರೆಪಾ, ನಾವೇನ ಚಪಾತಿ ಮಾಡಬೇಕಾಗೇತೇನು ಇಲ್ಲೆ?" ಕೆಳಗೆ ನಾಲ್ಕಾರು ಜನ ನಕ್ಕದ್ದು ಜಾಲರಿಯ ನೆಲದ ತೂತುಗಳಿಂದ ಮೇಲೆ ಬಂತು. ಪುಸ್ತಕದ ಮಾತು ಬಿಟ್ಟರೆ, ಹತ್ತು ದಿನಗಳಲ್ಲಿ ಆ ಮಹಡಿಯ ಮೇಲೆ ನನ್ನನ್ನು ಉದ್ದೇಶಿಸಿ ಬಂದ ಮೊದಲ ಪೂರ್ತಿ ವಾಕ್ಯ ಅದು. ಒಂದು ಕ್ಷಣ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮುಖ್ಯ ರಸಾಯನ ತಜ್ಞರು ಕರೆಸಿದರು. ಜಮಖಂಡಿಯ ಕಡೆಯವರು, ಎಷ್ಟು ಸಿಟ್ಟು ಬಂದರೂ ಧ್ವನಿ ಏರಿಸದ ಮನುಷ್ಯ.

"ಮತ್ತೊಬ್ಬರದ್ದು ಒಂದು ಸಲ ಬಿತ್ತಂತ ಕೆಂಪ್ ಶಾಯಿಲೆ ಬರದ್ರಿ. ನಿಮ್ಮದು ಎರಡ ಸಲ ಬಿದ್ದೈತಿ. ಅದಕ್ಕ ಯಾವ ಬಣ್ಣ?"

ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಇನ್ನೊಮ್ಮಿ ಆದ್ರ ನಿಮ್ಮನ್ನ ಕೆಳಗ ಲ್ಯಾಬಿಗೆ ಕರಸ್ಕೋತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಸರವಾಗಲಿಲ್ಲ, ಸಂಶಯವಾಯಿತು. ಯಾರೋ ಬೇಕೆಂದೇ ನನ್ನ ಪ್ಯಾನ್ ಕೆಡಿಸುತ್ತಿದ್ದಾರೆ. ಒಬ್ಬಂಟಿಯಾಗಿ ಬಹಳ ದಿನ ಇದ್ದವನಿಗೆ ವೈರಿಗಳೂ ಒಂದು ಸಂಗಾತ. ಬುಧವಾರ ಪಾಳಿಯಲ್ಲಿ ಹನ್ನೊಂದಕ್ಕೆ ಸರಿಯಾಗಿ ಉಣಿಸುವುದನ್ನೇ ನಿಲ್ಲಿಸಿ, ಪ್ಯಾನಿಗೆ ನೀರು ಬಿಟ್ಟು, ಹೇಗೋ ಪಾರಾದೆ. ಆದರೆ ಕಾರಣ ತಿಳಿಯದೆ ಪಾರಾಗುವುದು ಪ್ಯಾನ್ ನಡೆಸುವುದಲ್ಲ.

ಪ್ರತಿ ಪ್ಯಾನಿನ ಒಳಗಿನ ಗಾಳಿಯ ಎಳೆತವನ್ನು ಒಂದು ಪೆನ್ನು ದಿನವಿಡೀ ದುಂಡು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ದಿನಕ್ಕೊಂದು ಕಾಗದ, ತೆಗೆದು ಕಪಾಟಿನಲ್ಲಿ ಹಾಕುತ್ತಾರೆ, ಆಮೇಲೆ ಯಾರೂ ನೋಡುವುದಿಲ್ಲ. ಹಂಗಾಮು ಶುರುವಾದಾಗಿನ ಅಷ್ಟೂ ಕಾಗದಗಳನ್ನು ಕ್ವಾರ್ಟರ್ಸಿಗೆ ತಂದು ನೆಲದ ಮೇಲೆ ಹಾಸಿದೆ. ಸೋಮವಾರ, ಮಂಗಳವಾರ, ಬುಧವಾರ, ಮೂರರಲ್ಲೂ ಹನ್ನೊಂದರ ಹತ್ತಿರ ಗೆರೆ ಗೂನು ಬೆನ್ನಿನಂತೆ ಮೇಲೆದ್ದು ಇಳಿದಿತ್ತು. ಎಳೆತ ಏರಿದರೆ ಶಾಖ ಇಳಿಯುತ್ತದೆ. ಶಾಖ ಇಳಿದರೆ ಪುಡಿ ಬೀಳುತ್ತದೆ. ಹಿಂದಕ್ಕೆ ಹೋದೆ. ಮೊದಲ ನಾಲ್ಕು ದಿನ ಹನ್ನೊಂದಕ್ಕೆ ಗೆರೆ ನೆಟ್ಟಗಿತ್ತು. ಐದನೆಯ ದಿನ, ನಾನು ಕೆಂಪು ಶಾಯಿ ಬಳಸಿದ ದಿನ, ಅದೇ ಗೂನು. ಆರರಿಂದ ಮುಂದೆ ಬೇರೆಯವರ ಬೆಳಗಿನ ಪಾಳಿಗಳಲ್ಲಿ ಗೆರೆ ಮತ್ತೆ ನೆಟ್ಟಗೆ.

ಅಂದರೆ ಹನ್ನೊಂದಕ್ಕೆ ಏನೋ ಬರುತ್ತಿತ್ತು. ಬರುವುದು ಬೇರೆಯವರಿಗೆ ಗೊತ್ತಿತ್ತು.

ಗುರುವಾರ ನನ್ನ ರಜೆ. ಊರಿಗೆ ಹೋಗಲಿಲ್ಲ. ಉಗಿ ಹೆಚ್ಚು ಕಡಿಮೆಯಾದರೆ ಗೆರೆ ಬೇರೆ ಥರ ಕುಣಿಯುತ್ತದೆ, ಉಳಿದದ್ದು ತಣ್ಣೀರು. ಹತ್ತೂವರೆಗೆ ಹೊಂಡದ ಏರಿಯ ಮೇಲೆ ಹೋಗಿ ಕೂತೆ. ಕಾರಂಜಿಯಂತೆ ಚಿಮ್ಮುವ ಬಿಸಿನೀರು, ಮುಖಕ್ಕೆ ಸಿಹಿ ಹಬೆ. ಪಂಪಿನವನು ನನ್ನನ್ನು ನೋಡಿ ಎದ್ದುನಿಂತು, ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹನ್ನೊಂದಕ್ಕೆ ಅವನು ಎರಡನೆಯ ಪಂಪಿನ ಗುಂಡಿ ಒತ್ತಿದ. ಮೊದಲನೆಯದನ್ನು ನಿಲ್ಲಿಸಲಿಲ್ಲ. ಐದಾರು ನಿಮಿಷ ಎರಡೂ ಕೂಡಿ ಓಡಿದವು. ಆಮೇಲೆ ಮೊದಲನೆಯದನ್ನು ನಿಲ್ಲಿಸಿದ. ಆ ಐದಾರು ನಿಮಿಷ ಪ್ಯಾನಿಗೆ ಹೋದ ಹೆಚ್ಚಿನ ತಣ್ಣೀರೇ ನನ್ನ ಗೂನು.

"ಇದು ದಿನಾ ಮಾಡ್ತೀ ಏನು?"

"ದಿನಾ ಹನ್ನೊಂದಕ್ರಿ. ಇದು ದಣದಿರತೈತಿ. ಅದನ್ನ ಎಬ್ಬಸೂದು, ಅದು ನೆಟ್ಟಗಾದ ಮ್ಯಾಲ ಇದನ್ನ ಮಲಗಸೂದು."

"ಮ್ಯಾಲ ಪ್ಯಾನಿಗೆ ಹೇಳೂದಿಲ್ಲ?"

ಅವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದೇನೆಯೋ ಎಂದು ಪರೀಕ್ಷಿಸಿದಂತಿತ್ತು.

"ಹೇಳತಿದ್ನೆಲ್ರಿ. ನೀವಽ ಬ್ಯಾಡಂದ್ರಿ."

"ನಾ ಯಾವಾಗ ಬ್ಯಾಡಂದೆ?"

"ಟವೆಲ್ರಿ" ಅಂದ. "ಎಬ್ಬಸೂಕಿಂತ ಮೊದಲ ಬೀಸತಿದ್ದೆ. ಮ್ಯಾಲ ಕಿಡಕ್ಯಾಗ ನೋಡಿ ಅವರು ನೀರಿನ ವಾಲ್ವ ಒಂದ ಸುತ್ತ ಮುಚ್ಚತಿದ್ರು. ಕುಣದಾಡಬ್ಯಾಡ ಅಂದ್ರೆಲ್ಲ ನೀವು. ಬಿಟ್ಟೆ."

"ಫೋನ್ ಮಾಡಬೇಕಪ್ಪ!"

"ಈ ಪಂಪಿನ ಸಪ್ಪಳದಾಗ ಫೋನ ಏನ ಕೇಳತೈತ್ರಿ? ನನಗೂ ಕೇಳೂದಿಲ್ಲ, ಅವರಿಗೂ ಕೇಳೂದಿಲ್ಲ. ಟವೆಲ್ಲಿಗೆ ಕಿವಿ ಬೇಕಾಗೂದಿಲ್ಲ."

ನಾನು ಏರಿಯ ಕಲ್ಲಿನ ಮೇಲೆ ಮತ್ತೆ ಕೂತೆ. ಅವನು ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಕೇಳದೇ ಉಳಿದದ್ದನ್ನೂ ಹೇಳಿದ. ಪುಡಿ ಬಿದ್ದ ದಿನ ಸಂಜೆ ಬೆಳಗಲಿಯವರು ಅವನ ಹತ್ತಿರ ಬಂದು, ಯಾಕೆ ಬೀಸಲಿಲ್ಲವೆಂದು ಕೇಳಿದ್ದರು. ಇವನು ಇದ್ದದ್ದನ್ನು ಹೇಳಿದ್ದ. ಅಂದಿನಿಂದ ಉಳಿದವರು ಗಡಿಯಾರ ನೋಡಿ ವಾಲ್ವ್ ಮುಚ್ಚುತ್ತಿದ್ದರು.

"ಅವರ ಆರ್ಡರ ಬರೂದಿತ್ತಂತ್ರಿ ಈ ವರ್ಷ. ಪರ್ಮನೆಂಟಿಂದು. ಆ ಕೆಂಪ್ ಸಾಲಿನ ಸಲುವಾಗಿ ನಿಂತತಂತ. ಮೊದಲ ಟವೆಲ್ ಬಿಡಿಸಿ, ಆಮ್ಯಾಲ ಬರದ್ರು, ಬೇಕಂತಽ ಮಾಡಿದ್ರು ಅಂತಾರ ಮಂದಿ." ಅವನು ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡ. "ನಾ ಹಂಗ ಅನ್ನೂದಿಲ್ರಿ."

"ನೀ ಏನಂತಿ?"

"ನಿಮಗ ಏನೂ ತಿಳೂದಿಲ್ಲ ಅಂತೀನ್ರಿ."

ನನ್ನ ಪರವಾಗಿ ಆ ಕಾರ್ಖಾನೆಯಲ್ಲಿ ವಾದಿಸಿದ ಏಕೈಕ ವಕೀಲ ಅವನೇ. ಮಂದಿಯ ಮಾತು, ಇವನ ಮಾತು, ಎರಡರಲ್ಲಿ ಯಾವುದು ಹೆಚ್ಚು ತಾಗಿತೆಂದು ಇವತ್ತಿಗೂ ನಿರ್ಧರಿಸಲು ಆಗಿಲ್ಲ.

ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ಬೆಳಗಲಿಯವರ ಹತ್ತಿರ ಹೋಗಿ ಬಾಯಲ್ಲಿ ಹೇಳಬಹುದಿತ್ತು. ಪ್ಯಾನ್ ಮಹಡಿಯ ಧರ್ಮವೂ ಅದೇ. ಹೇಳಿದರೆ ನನಗೆ ಹಗುರವಾಗುತ್ತಿತ್ತು. ಅವರಿಗೆ ಏನಾಗುತ್ತಿತ್ತು? ಅವರಿಗೆ ಈ ಸಂಗತಿ ನನಗಿಂತ ಮೊದಲೇ ಗೊತ್ತಿತ್ತು. ಆರ್ಡರ್ ನಿಂತದ್ದು ಬರವಣಿಗೆಯಿಂದ. ಬಾಯಿಮಾತಿನಿಂದ ಅದು ಒಂದಂಗುಲವೂ ಚಲಿಸುವುದಿಲ್ಲ. ನನ್ನನ್ನು ಈ ಗತಿಗೆ ತಂದ ಕೆಲಸವನ್ನೇ ನಾನು ಇನ್ನೊಮ್ಮೆ ಮಾಡಬೇಕಿತ್ತು. ಈ ಸಲ ತಪ್ಪು ಯಾರದೆಂದು ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಪಾಳಿ ಪುಸ್ತಕದಲ್ಲಿ ಹೊಡೆದುಹಾಕುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಹಳೆಯ ನಮೂದಿನ ಕೆಳಗೆ ಖಾಲಿ ಇದ್ದ ಎರಡು ಬೆರಳಿನ ಜಾಗದಲ್ಲಿ, ಅದೇ ಕೆಂಪು ಶಾಯಿಯಿಂದ, ಅಂದಿನ ತಾರೀಖು ಹಾಕಿ ಬರೆದೆ. ಮೇಲಿನ ನಮೂದಿಗೆ ತಿದ್ದುಪಡಿ. ಸುಳ್ಳು ಕಾಳಿಗೆ ಕಾರಣ ಪಂಪು ಬದಲಿಸುವ ಮುನ್ಸೂಚನೆ ಬಾರದಿರುವುದು. ಆ ಮುನ್ಸೂಚನೆಯನ್ನು ಹಿಂದಿನ ದಿನ ವಿಚಾರಿಸದೆ ನಿಲ್ಲಿಸಿದವನು ಕೆಳಗೆ ಸಹಿ ಮಾಡಿರುವವನು. ಪ್ಯಾನ್ ನಡೆಸುತ್ತಿದ್ದವರದು ಯಾವ ಅಲಕ್ಷ್ಯವೂ ಇಲ್ಲ. ದುಂಡು ಕಾಗದಗಳನ್ನು ಜೊತೆಗೆ ಪಿನ್ನು ಹಾಕಿದೆ. ಪಂಪಿನವನಿಗೆ ಪ್ರತಿದಿನ ಹನ್ನೊಂದಕ್ಕೆ ಟವೆಲ್ ಬೀಸಲು ಲಿಖಿತ ಅನುಮತಿಯನ್ನೂ ಕೊಟ್ಟೆ. ಆ ಇಲಾಖೆಯಲ್ಲಿ ಅಂಥ ಪತ್ರ ಹಿಂದೆ ಹೊರಟಿಲ್ಲ, ಮುಂದೆಯೂ ಹೊರಡಲಿಕ್ಕಿಲ್ಲ.

ಮುಖ್ಯ ರಸಾಯನ ತಜ್ಞರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಇದು ನಿಮ್ಮ ಫೈಲಿಗೆ ಹೋಗತೈತಿ."

"ಹೋಗಲ್ರಿ."

"ಇಷ್ಟ್ಯಾಕ ಬರಿಯಾಕ ಹೋದ್ರಿ? ಬಾಯಿಲೆ ಹೇಳಿದ್ರ ನಾ ನೋಡ್ಕೋತಿದ್ದೆ."

"ಬಾಯಿಲೆ ಹೇಳಿದ್ದಕ್ಕ ಯಾರ ಆರ್ಡರೂ ನಿಂತಿರಲಿಲ್ರಿ."

ಅವರು ಪುಸ್ತಕ ಮುಚ್ಚಿದರು. "ಸೋಮವಾರದಿಂದ ಕೆಳಗ ಬರ್ರಿ" ಅಂದರು. ಧ್ವನಿ ಏರಿಸಲಿಲ್ಲ.

ಶನಿವಾರ ನನ್ನ ಕೊನೆಯ ಪಾಳಿ. ಹನ್ನೊಂದಕ್ಕೆ ವಾಲ್ವ್ ಒಂದು ಸುತ್ತು ಮುಚ್ಚಿದೆ, ಗೆರೆ ನೆಟ್ಟಗೆ ನಡೆಯಿತು, ಕಾಳು ಒಂದೇ ಸಮನೆ ಬೆಳೆಯಿತು. ನಾನು ನಡೆಸಿದ ಪ್ಯಾನುಗಳಲ್ಲಿ ಅದೇ ಚೆಂದದ್ದು. ಹನ್ನೆರಡಕ್ಕೆ ಮುಂದಿನ ಪಾಳಿಯವರು ಬಂದರು. ಅವರಿಗೆ ಇದ್ದದ್ದನ್ನೆಲ್ಲ ಬಾಯಲ್ಲೇ ಹೇಳಿದೆ. ಪಾಕದ ಹದ, ಎರಡನೇ ವಾಲ್ವು, ಅಳತೆಪಟ್ಟಿಯ ಸೊಕ್ಕು. ಅವರು ತಲೆಯಾಡಿಸಿದರು. ನನ್ನ ಟಿಫಿನ್ ಡಬ್ಬಿ ಎತ್ತಿಕೊಂಡು ಇಳಿದೆ. ಎಂಬತ್ತೆರಡು ಮೆಟ್ಟಿಲು. ಅದಕ್ಕಿಂತ ಮೊದಲು ಎಣಿಸಿರಲಿಲ್ಲ.

ಪ್ರಯೋಗಾಲಯ ತಂಪಾಗಿತ್ತು, ಬೆಳಕಿತ್ತು, ಮೂಕವಾಗಿತ್ತು. ಎರಡು ತಾಸಿಗೊಮ್ಮೆ ಮೇಲಿನಿಂದ ಯಾರಾದರೂ ಪಾಕದ ಮಾದರಿ ತಂದು ಕಿಟಕಿಯ ಕಟ್ಟೆ ಮೇಲೆ ಇಡುತ್ತಿದ್ದರು. ನಾನು ಶುದ್ಧಾಂಶ ನೋಡಿ, ಚೀಟಿಯಲ್ಲಿ ಬರೆದು, ಅದೇ ಕಟ್ಟೆ ಮೇಲೆ ಇಡುತ್ತಿದ್ದೆ. ಅವರು ಒಯ್ಯುತ್ತಿದ್ದರು. ಈ ಏರ್ಪಾಟಿನಲ್ಲಿ ಮನುಷ್ಯರು ಪರಸ್ಪರ ಮುಖ ನೋಡದೆ ಎಷ್ಟು ಟನ್ ಸಕ್ಕರೆ ಬೇಕಾದರೂ ಮಾಡಬಹುದು. ತಿದ್ದುಪಡಿಯ ಸುದ್ದಿ ಹರಡಿರಬೇಕು. ಕ್ಯಾಂಟೀನಿನಲ್ಲಿ ಈಗ ನಾನು ಕೂತರೆ ಜನ ರೊಟ್ಟಿ ಮುಗಿಸಿಯೇ ಏಳುತ್ತಿದ್ದರು. ಮಾತು ಮಾತ್ರ ಇರಲಿಲ್ಲ. ಮಾತು ಬಿಡಲು ಅವರಿಗೆ ಕಾರಣ ಬೇಕಿತ್ತು. ಮತ್ತೆ ಶುರುಮಾಡಲು ಏನು ಬೇಕೋ ಅದು ನನ್ನ ಹತ್ತಿರವೂ ಇರಲಿಲ್ಲ, ಅವರ ಹತ್ತಿರವೂ ಇರಲಿಲ್ಲ.

ಹಂಗಾಮಿನ ಕೊನೆಯ ವಾರಗಳಲ್ಲಿ ಒಂದು ದಿನ ಮಧ್ಯಾಹ್ನ ಎಲ್ಲ ಮಹಡಿಗಳಲ್ಲಿ ಪೇಡೆ ಹಂಚಿದರು. ಸಕ್ಕರೆ ಕಾರ್ಖಾನೆಯಲ್ಲಿ ಸಿಹಿ ಹಂಚುವುದು ಒಂದು ಥರ ಅತಿರೇಕವೇ. ಬೆಳಗಲಿಯವರ ಆರ್ಡರ್ ಬಂದಿತ್ತು. ಗಿರಕಿ ಯಂತ್ರದವರಿಗೆ ಮುಟ್ಟಿತು, ಗೋದಾಮಿಗೆ ಮುಟ್ಟಿತು, ತೂಕದ ಕಟ್ಟೆಗೂ ಮುಟ್ಟಿತು. ಪ್ರಯೋಗಾಲಯಕ್ಕೆ ಬರಲಿಲ್ಲ. ನನಗೆ ಸಕ್ಕರೆ ಕಾಯಿಲೆಯೇನೂ ಇಲ್ಲ. ಆದರೂ ಬಾಗಿಲ ಕಡೆ ಕಿವಿಗೊಟ್ಟು ಸಂಜೆಯವರೆಗೆ ಒಂದೇ ಮಾದರಿಯನ್ನು ಮೂರು ಸಲ ಪರೀಕ್ಷಿಸಿದೆ.

ಅದಾಗಿ ಎರಡು ದಿನ. ಎರಡು ಗಂಟೆಯ ಮಾದರಿ ಕಟ್ಟೆ ಮೇಲೆ ಇಟ್ಟ ಸದ್ದಾಯಿತು. ನಾನು ತಲೆ ಎತ್ತಲಿಲ್ಲ. ಪರೀಕ್ಷೆ ಮುಗಿಸಿ, ಚೀಟಿ ಬರೆದು, ಕಟ್ಟೆ ಮೇಲೆ ಇಟ್ಟೆ. ಯಾರೂ ತೆಗೆದುಕೊಳ್ಳಲಿಲ್ಲ. ನೋಡಿದರೆ ಕಿಟಕಿಯ ತುಂಬ ಬೆಳಗಲಿಯವರ ಹೆಗಲು. ಮಾದರಿ ತರುವುದು ಅವರ ಕೆಲಸವಲ್ಲ.

"ಎಷ್ಟ ಬಂತ್ರಿ?" ಅಂದರು.

ಚೀಟಿ ಅವರ ಕೈಯಿಂದ ಒಂದು ಗೇಣು ದೂರ ಇತ್ತು. ನಾನು ಸಂಖ್ಯೆ ಹೇಳಿದೆ. ಬಳಕೆ ತಪ್ಪಿದ ಧ್ವನಿ, ಎರಡನೆಯ ಸಲ ಹೇಳಬೇಕಾಯಿತು.

"ಛಲೋ ಐತಿ" ಅಂದರು. ಆದರೂ ಹೋಗಲಿಲ್ಲ. ಕಟ್ಟೆಯ ಮೇಲಿನ ಬೂದಿಯನ್ನು ಬೆರಳಿನಿಂದ ಒಂದು ಕಡೆ ಸರಿಸಿದರು.

"ಅವತ್ತ 'ಅಲಕ್ಷ್ಯ' ಅಂತ ಬರಿಯೂಕಿಂತ ಮೊದಲ ನನಗೊಂದ ಮಾತ ಕೇಳಬೇಕಾಗಿತ್ತು ನೀವು."

"ಖರೆ. ಕೇಳಬೇಕಾಗಿತ್ತು."

"ಮರುದಿವಸ ಕೇಳಿದ್ರೂ ಹೇಳತಿದ್ದೆ."

"ಏನಂತ?"

"ನೀವಽ ಮಾಡಿದ್ದು ಅಂತ."

ನಾನು ಕೊಳವೆ ಒರೆಸುವುದನ್ನು ನಿಲ್ಲಿಸಿದೆ. ಅವರು ನನ್ನ ಆಚೆಯ ಯಾವ ಪೈಪನ್ನೂ ನೋಡುತ್ತಿರಲಿಲ್ಲ.

"ಹೇಳಿದ್ರ ನಂಬತಿದ್ರೇನು?" ಅಂದರು.

ಆ ಪ್ರಶ್ನೆಗೆ ಚೆಂದದ ಉತ್ತರ ಒಂದಿತ್ತು. ಹಂಗಾಮಿನ ಮೊದಲ ವಾರದ ನನ್ನನ್ನು, ಪೆನ್ನು ಹಿಡಿದುಕೊಂಡವನನ್ನು, ನೆನಪು ಮಾಡಿಕೊಂಡೆ.

"ಇಲ್ಲ" ಅಂದೆ. "ನಂಬತಿರಲಿಲ್ಲ."

"ಅದಕ್ಕಽ ಹೇಳಲಿಲ್ಲ" ಅಂದರು.

ಅವರು ಚೀಟಿ ಎತ್ತಿಕೊಂಡು, ನೋಡದೆಯೇ ಜೇಬಿಗೆ ಇಟ್ಟು, ಮೇಲೆ ಹೋದರು. ಮುಂದಿನ ಮಾದರಿಗೆ ಇನ್ನೂ ಎರಡು ತಾಸು ಇತ್ತು. ನಾನು ಎದ್ದು ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿದೆ. ಆಮೇಲೆ, ಅತಿಯಾಯಿತೆನಿಸಿ, ಸ್ವಲ್ಪ ಹಿಂದಕ್ಕೆ ಸರಿಸಿದೆ.